ಲೀಲಕ್ಕನ ಬೆರಳು ತೋರಿದ ದಿಕ್ಕು

ಕಡಿಯಾಳಿಯ ಕ್ಷೌರದಂಗಡಿಯಲ್ಲಿ ಇವತ್ತು ಕುತ್ತಿಗೆಗೆ ಪೌಡರ್ ಹಚ್ಚಿದರು. ಆ ಪರಿಮಳಕ್ಕೆ ನಿಮಗೆ ತೊಟ್ಟಿಲ ಮಗು ನೆನಪಾಗಬಹುದು. ನನಗೆ ರಾಕೆಟ್ ನೆನಪಾಗುತ್ತದೆ. ನಗಬೇಡಿ. ಮಣಿಪಾಲದಲ್ಲಿ ಮಾದರಿ ರಾಕೆಟ್ ಹಾರಿಸುವ ಹವ್ಯಾಸಿಗಳ ಕ್ಲಬ್ಬೊಂದಿತ್ತು. ಎಂಜಿನ್ನಿನ ಗಂಧಗಾಳಿಯಿಲ್ಲದ ನನಗೆ ಅಲ್ಲಿ ಕೊಟ್ಟ ಕೆಲಸ ಒಂದೇ: ಪ್ಲಾಸ್ಟಿಕ್ ಪ್ಯಾರಾಚೂಟಿಗೆ ಪೌಡರ್ ಬಳಿದು ಮಡಚುವುದು. ಇಲ್ಲದಿದ್ದರೆ ಅದು ಮಡಿಕೆಯಲ್ಲೇ ಅಂಟಿಕೊಂಡು ಆಕಾಶದಲ್ಲಿ ಬಿಚ್ಚಿಕೊಳ್ಳುವುದಿಲ್ಲ.

ದೊಡ್ಡ ಕೆಲಸ ಲೀಲಕ್ಕನದು. ಶಿರ್ವದಲ್ಲಿ ಡ್ರಾಯಿಂಗ್ ಟೀಚರಾಗಿ ನಿವೃತ್ತರಾದವರು. ರಾಕೆಟ್ ಏರಿದ ಕ್ಷಣದಿಂದ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿ, ಅದು ಇಳಿದ ಕಡೆಗೆ ಬೆರಳು ತೋರಿಸಿ ಅಲುಗದೆ ನಿಲ್ಲಬೇಕು. ಉಳಿದವರು ಆ ಬೆರಳಿನ ನೇರಕ್ಕೆ ಓಡಬೇಕು. ಹುಲ್ಲಿನಲ್ಲಿ ಬಿದ್ದ ಗೇಣುದ್ದದ ಕಾಗದದ ಕೊಳವೆ ಬೇರೆ ಹೇಗೂ ಸಿಕ್ಕುವುದಿಲ್ಲ.

ಒಂದು ಭಾನುವಾರ ಕಾರ್ಕಳದಾಚೆ, ಕೆಂಪು ಮುರಕಲ್ಲಿನ ಬಯಲಿನಲ್ಲಿದ್ದೆವು. ಯಾರೋ ತಂದ ಬನ್ಸ್ ತಿಂದು ಮುಗಿಸಿ ಕೊನೆಯ ರಾಕೆಟ್ ಹಾರಿಸಿದೆವು. ಪ್ಯಾರಾಚೂಟ್ ಚೆನ್ನಾಗಿಯೇ ಬಿಚ್ಚಿತು. ಕಡಲ ಗಾಳಿಗೆ ಪೂರ್ವಕ್ಕೆ, ಘಟ್ಟದ ಕಡೆಗೆ ತೇಲಿತು. ಲೀಲಕ್ಕನ ಬೆರಳು ಮಾತ್ರ ಪಶ್ಚಿಮದ ಖಾಲಿ ಆಕಾಶದಲ್ಲಿ ನಿಧಾನವಾಗಿ ಕೆಳಗಿಳಿಯುತ್ತಿತ್ತು.

ನಾವೆಲ್ಲ ಮುಖ ಮುಖ ನೋಡಿಕೊಂಡೆವು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಪೈಕಿ ನಾನು. ಮೊದಲು ಪಶ್ಚಿಮಕ್ಕೆ ಓಡಿದೆ. ಆಮೇಲೆ ಸುತ್ತು ಬಳಸಿ ಪೂರ್ವಕ್ಕೆ ಹೋಗಿ ರಾಕೆಟ್ ಹೆಕ್ಕಿ ತಂದು, "ನೀವು ತೋರಿಸಿದಲ್ಲೇ ಇತ್ತು ಲೀಲಕ್ಕ" ಎಂದೆ.

ಅವರ ಮುಖ ಅರಳಿತು. ಇತ್ತೀಚೆಗೆ ಕಣ್ಣಿನ ಬಗ್ಗೆ ಸ್ವಲ್ಪ ಸಂಶಯವಿತ್ತು, ಡಾಕ್ಟರಲ್ಲಿಗೆ ಹೋಗಬೇಕೆಂದಿದ್ದೆ, ಇನ್ನು ಬೇಡ ಎಂದರು. ಆಗಲಾದರೂ ನಾನು ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ವಾಪಸು ಬರುವಾಗ ಲೀಲಕ್ಕನ ಕಿವಿಗೆ ಬೀಳದಂತೆ ಎಲ್ಲರೂ ನನ್ನ ಒಳ್ಳೆಯತನವನ್ನು ಹೊಗಳಿದರು. ನಾಚಿಕೆಯಿಲ್ಲದೆ ಹಿಗ್ಗಿದೆ.

ಎರಡು ವರ್ಷ ಕಳೆದು ಅವರು ಡಾಕ್ಟರಲ್ಲಿಗೆ ಹೋದರು. ಗ್ಲಾಕೋಮಾ. ನೋವಿಲ್ಲದೆ ಅಂಚಿನಿಂದ ನೋಟವನ್ನು ತಿನ್ನುತ್ತಾ ಬರುತ್ತದಂತೆ. ಹೋದದ್ದು ತಿರುಗಿ ಬರುವುದಿಲ್ಲ, ಮೊದಲೇ ಬಂದಿದ್ದರೆ ಉಳಿದದ್ದನ್ನು ಕಾಪಾಡಬಹುದಿತ್ತು ಎಂದು ಡಾಕ್ಟರು ಹೇಳಿದರಂತೆ. ಈಗ ಲೀಲಕ್ಕನಿಗೆ ಹಗಲೂ ಕತ್ತಲೆಯೇ. ನಾನು ಹೋದಾಗಲೆಲ್ಲ, ಕಾರ್ಕಳದಲ್ಲಿ ರಾಕೆಟ್ ಬಿದ್ದ ಜಾಗ ಸರಿಯಾಗಿ ತೋರಿಸಿದ್ದೆನಲ್ಲ, ಆಮೇಲೆ ಎಂತ ಆಯಿತೋ ಎನ್ನುತ್ತಾರೆ. ನಾನು ಹೂಂ ಎನ್ನುತ್ತೇನೆ. ನರಕ ಬೇರೆಲ್ಲೋ ಉಂಟು ಎಂದು ನನಗೆ ಯಾರೂ ಹೇಳುವುದು ಬೇಡ.

ಇವತ್ತು ಕ್ಷೌರದಂಗಡಿಯಿಂದ ನೆಟ್ಟಗೆ ಅವರ ಮನೆಗೆ ಹೋದೆ. ಎಲ್ಲವನ್ನೂ ಹೇಳಿದೆ.

"ನನ್ನನ್ನು ಕಂಡು ಪಾಪ ಅನ್ನಿಸಿತಾ ನಿನಗೆ?" ಎಂದರು ಲೀಲಕ್ಕ. "ಬೈದಿದ್ದರೆ ಸಾಕಿತ್ತು ಮಾರಾಯ. ಮರುದಿನವೇ ಡಾಕ್ಟರಲ್ಲಿಗೆ ಹೋಗುತ್ತಿದ್ದೆ."

ಆಮೇಲೆ ಗೋಡೆ ಹಿಡಿದುಕೊಂಡು ಒಳಗೆ ಹೋದರು. ಕೈಹಿಡಿಯಲೆಂದು ಎದ್ದವನು ಹಾಗೆಯೇ ಕುಳಿತುಬಿಟ್ಟೆ.