ರೊಟ್ಟಿಯ ತಾಳ

ಕುಷ್ಟಗಿಯಲ್ಲಿ ನಮ್ಮ ಪಕ್ಕದ ಮನೆಯ ಹುಡುಗಿ ಬಿ.ಎ. ಮುಗಿಸಿ, ಖಾನಾವಳಿಗಳಿಗೆ ಜೋಳದ ರೊಟ್ಟಿ ಮಾಡಿಕೊಡುತ್ತಿದ್ದಳು. ತಲೆಗೆ ಹೊದ್ದ ವೇಲಿನೊಳಗೆ ಸದಾ ಇಯರ್‌ಫೋನ್ ಇರುತ್ತಿತ್ತು. ಏನು ಕೇಳುತ್ತೀ ಎಂದರೆ ಕಣ್ಣು ಅರ್ಧ ಮುಚ್ಚಿ, "ವಚನ ಕೇಳಾಕತ್ತೀನ್ರಿ ಅಕ್ಕಾರ" ಎನ್ನುತ್ತಿದ್ದಳು. ಹಾಗೆ ಭುಜ ಕುಣಿಸುವಂಥ ವಚನವನ್ನು ಯಾವ ಶರಣರು ಬರೆದರೋ ನನಗಂತೂ ಗೊತ್ತಿಲ್ಲ.

ನಮ್ಮಿಬ್ಬರ ಅಡುಗೆಮನೆಗಳ ನಡುವೆ ಇದ್ದದ್ದು ಒಂದೇ ಗೋಡೆ. ಬೇರೆಯವರು ರೊಟ್ಟಿ ಬಡಿದರೆ ಒಂದೇ ಸಮನೆ ಪಟಪಟ ಸದ್ದು. ಇವಳದು ಎರಡು ಪೆಟ್ಟು ಹಾಕಿ, ಸ್ವಲ್ಪ ತಡೆದು, ಆಮೇಲೆ ಓಡುತ್ತಿತ್ತು. ಕುಣಿಯುವ ಹಾಡಿದ್ದರೆ ರೊಟ್ಟಿ ಹಾಳೆಯಷ್ಟು ತೆಳ್ಳಗೆ, ವಿರಹದ ಹಾಡಿದ್ದರೆ ಅಂಗೈ ದಪ್ಪ. ನಡುನಡುವೆ ತಾನೇ ದೊಡ್ಡ ಗಾಯಕಿ ಎಂಬಂತೆ, ರೊಟ್ಟಿ ಬಡಿಯುವ ಕಲ್ಲಿನ ಮೇಲಿನ ಒಣ ಹಿಟ್ಟಿನಲ್ಲಿ ಬೆರಳಿನಿಂದ ಇಲ್ಲದ ಅಭಿಮಾನಿಗಳಿಗಾಗಿ ಸಹಿ ಹಾಕುತ್ತಿದ್ದಳು. ಯಾರಾದರೂ ಬಂದರೆ ಒರೆಸಿಬಿಡುತ್ತಿದ್ದಳು.

ಅವಳಿಗೆ ಇದ್ದ ಭಯ ಅಜ್ಜಿಯದೊಂದೇ. ದಿನವಿಡೀ ಬಾಗಿಲಲ್ಲಿ ಜಪಮಣಿ ಎಣಿಸುವ ಆ ಅಜ್ಜಿಗೆ ಇವಳು ಕೇಳುವುದು ಸಿನಿಮಾ ಹಾಡೆಂದು ಗೊತ್ತಾದರೆ ಮೊಬೈಲ್ ಹೋದಂತೆಯೇ.

ಒಂದು ಬೆಳಿಗ್ಗೆ ನಾನು ರೊಟ್ಟಿಗೆಂದು ಹೋದಾಗ ಅವಳ ಮೊಬೈಲಿನಲ್ಲಿ ಚಾರ್ಜ್ ಇರಲಿಲ್ಲ. ರೊಟ್ಟಿ ಎಲ್ಲರ ಮನೆಯಂತೆ ಪಟಪಟ ಎನ್ನುತ್ತಿತ್ತು. ಅಜ್ಜಿ ತಲೆ ಎತ್ತದೆ ಕೇಳಿದಳು, "ಯಾಕವಾ, ಇವತ್ತ ಹಾಡ ಇಲ್ಲೇನು?"

ಹುಡುಗಿಯ ಕೈ ನಿಂತಿತು. "ಅವು ಹಾಡಲ್ಲ ಬೇ ಆಯಿ, ವಚನ."

"ಇರಲಿ ಬಿಡ. ನಿನ್ನೆ ಬಡದ್ಯಲ್ಲ, ಆ ವಚನಾನ ಬಡಿ. ಅದಕ್ಕ ನನ್ನ ಮಣಿ ಛಲೋ ಓಡ್ತಾವು."