ಗುಬ್ಬಿಯ ಹಳದಿ ಫ್ರಾಕು

ನಮ್ಮಕ್ಕನನ್ನು ಸುಮ್ಮನೆ ಕೂರಿಸುವುದು ಯಾವ ವ್ಯಾಪಾರಿಯ ಕೈಲೂ ಆಗದ ಕೆಲಸ. ಊರಲ್ಲಿ ಆಯುಸ್ಸೆಲ್ಲ ಹೊಲಿಗೆ ಮಿಷನ್ ತುಳಿದವಳು, ಸ್ವಲ್ಪ ಕಾಲು ಚಾಚಲಿ ಅಂತ ನಾನು ಬಟ್ಟೆ ಅಂಗಡಿ ಇಟ್ಟಿರುವ ಈ ಪರದೇಶಕ್ಕೆ ಕರೆಸಿಕೊಂಡೆ. ಬಂದವಳು ನನ್ನ ಗಿರಾಕಿಗಳು ತೊಟ್ಟ ಬಟ್ಟೆಯ ಹೊಲಿಗೆಯನ್ನು ಅವರೆದುರೇ ಎಳೆದು ತೋರಿಸಿ ಹುಳುಕು ಎತ್ತತೊಡಗಿದಳು. ಅಂಗಡಿ ಉಳಿಯಬೇಕಲ್ಲ! ಬೀದಿಯ ಕೊನೆಯಲ್ಲಿ ಚರ್ಚಿನವರು ನಡೆಸುವ ಅನಾಥ ಮಕ್ಕಳ ಮನೆಗೆ ಹರಿದ ಬಟ್ಟೆ ಹೊಲಿಯುವವರು ಬೇಕಿತ್ತು. ಅವಳನ್ನು ಅಲ್ಲಿ ಬಿಟ್ಟು ಬಂದೆ. ಸಂಬಳವಿಲ್ಲದ ಸೇವೆ. ಸಂಬಳ ಕೊಟ್ಟವರ ಮಾತನ್ನೇ ಕೇಳದವಳು ಇನ್ನು ಇವರ ಮಾತು ಕೇಳಿಯಾಳೇ?

ಆ ಮನೆಯಲ್ಲಿ ಒಗೆದ ಬಟ್ಟೆಯೆಲ್ಲ ಒಂದೇ ಕಪಾಟಿಗೆ ಹೋಗುತ್ತದೆ. ಬೆಳಗಿನ ಪ್ರಾರ್ಥನೆ ಮುಗಿಸಿ ಸಾಲಾಗಿ ಬಂದ ಮಕ್ಕಳು ಮೈಗೆ ಹಿಡಿಸಿದ್ದನ್ನು ತೊಡಬೇಕು. ಹಲ್ಲುಜ್ಜುವ ಬ್ರಷ್ ಬಿಟ್ಟರೆ ನನ್ನದು ಅನ್ನುವಂಥದ್ದು ಯಾರಿಗೂ ಇಲ್ಲ.

ಅಕ್ಕ ನನ್ನಂಗಡಿಯ ಹಳದಿ ತುಂಡಿನಲ್ಲಿ (ನನ್ನ ಕೇಳಿದಳೆಂದುಕೊಳ್ಳಬೇಡಿ) ಒಂದು ಫ್ರಾಕು ಹೊಲಿದು, ಮಾತೇ ಆಡದ ಪುಟ್ಟ ಹುಡುಗಿಯೊಬ್ಬಳಿಗೆ ತೊಡಿಸಿದಳು. ಆಕೆಗೆ 'ಗುಬ್ಬಿ' ಅಂತ ಹೆಸರಿಟ್ಟವಳೂ ಅಕ್ಕನೇ. ಒಗೆದ ಮೇಲೆ ಫ್ರಾಕು ಕಪಾಟು ಸೇರಿ, ಬೇರೆ ಹುಡುಗಿಯ ಮೈಮೇಲೆ ಓಡಾಡಿತು. ಮತ್ತೆ ಒಗೆಯಲು ಬಿದ್ದಾಗ ಗುಬ್ಬಿ ತೊಟ್ಟಿಯಿಂದಲೇ ಎಳೆದುಕೊಂಡು ಒದ್ದೆಯಲ್ಲೇ ತೊಟ್ಟಳು. ಯಾರು ಗದರಿದರೂ ಬಿಚ್ಚಲಿಲ್ಲ. ಜ್ವರ ಬಂತು.

ಅಕ್ಕನಿಗೆ ಅವರ ಭಾಷೆ ಬರದು, ಅವರಿಗೆ ಕನ್ನಡ ಬರದು; ನಡುವೆ ಮಾತು ದಾಟಿಸಲು ನನ್ನನ್ನು ಕರೆಸಿದರು. ಮನೆಯ ಮುಖ್ಯಸ್ಥೆ ದೊಡ್ಡ ಸಿಸ್ಟರ್ ಕೆಟ್ಟ ಹೆಂಗಸಲ್ಲ, ಬರೀ ದಣಿದ ಹೆಂಗಸು. "ಒಬ್ಬಳಿಗೆ ಕೊಟ್ಟರೆ ಉಳಿದವರು ಅಳುತ್ತಾರೆ. ಫ್ರಾಕು ಕಪಾಟಿಗೆ ಹೋಗಲಿ. ಇಲ್ಲದಿದ್ದರೆ ನಿಮ್ಮಕ್ಕ ನಾಳೆಯಿಂದ ಬರುವುದು ಬೇಡ" ಎಂದರು.

"ಕೊಡಲ್ಲ ಅನ್ನು," ಅಂದಳು ಅಕ್ಕ.

"ಯೋಚನೆ ಮಾಡ್ತಾರಂತೆ," ಅಂತ ನಾನು ದಾಟಿಸಿದೆ.

"ಲೋ, ಮೂರಕ್ಷರಕ್ಕೆ ಇಷ್ಟುದ್ದ ಯಾಕೋ? ಸರಿಯಾಗಿ ಹೇಳು. ಎಲ್ಲರಿಗೂ ಒಂದೊಂದು ಹೊಲೀತೀನಿ. ಅವರವರದ್ದು ಅವರವರಿಗೇ."

"ಮಕ್ಕಳು ನಂದು ನಿಂದು ಅಂತ ಜಗಳ ಆಡ್ತಾರೆ," ಎಂದರು ಸಿಸ್ಟರ್.

"ಆಡ್ಲಿ! ಜಗಳ ಇಲ್ದಿರೋದು ಮನೆ ಹೇಗಾಗತ್ತೆ? ಅದು ಗೋಡೌನು. ಇವನಿಗೆ ಗೊತ್ತು, ಇವನ ಹತ್ರ ಒಂದಿದೆ."

ಗೋಡೌನಿನ ವಿಷಯ ಬಿಟ್ಟು ಉಳಿದದ್ದು ಹೇಳಿದೆ. ನಮ್ಮನ್ನು ಹೊರಗೆ ಕಳಿಸಿ ಗೇಟು ಮುಚ್ಚಿದರು.

ಮಾರನೆಯ ಬೆಳಿಗ್ಗೆ ಅಕ್ಕ ನನ್ನ ಕೈಲಿ ಮಿಷನ್ ಹೊರಿಸಿ ಆ ಗೇಟಿನ ಹೊರಗೇ ಕೂತಳು. "ಮಾನ ಹೋಗತ್ತೆ ಕಣೇ," ಅಂದೆ. "ನಿನ್ನದು ತಾನೇ, ಹೋಗ್ಲಿ," ಅಂದಳು. ಮಕ್ಕಳು ಒಬ್ಬೊಬ್ಬರಾಗಿ ಬಂದು ಕಂಬಿಗೆ ಬೆನ್ನು ಒತ್ತಿ ನಿಂತರು. ಕಂಬಿಯ ನಡುವೆ ಕೈ ತೂರಿಸಿ ಅಕ್ಕ ಅಳತೆ ತೆಗೆದಳು. ಯಾವ ಬಣ್ಣ ಬೇಕೆಂದು ಕೇಳಲು ಅವಳಿಗೆ ಭಾಷೆ ಬರದು. ನನ್ನಂಗಡಿಯ ಬಟ್ಟೆ ತುಂಡುಗಳನ್ನು ಹರಡಿದಳು, ಮಕ್ಕಳು ಬೆರಳು ತೋರಿಸಿದರು. ಪ್ರಾರ್ಥನೆಯ ಗಂಟೆ ಹೊಡೆಯಿತು. ಒಂದು ಮಗುವೂ ಒಳಗೆ ಹೋಗಲಿಲ್ಲ.

ದೊಡ್ಡ ಸಿಸ್ಟರ್ ತಾವೇ ಬಂದು ಗೇಟು ತೆಗೆದರು. "ಬಿಸಿಲಿದೆ, ಒಳಗೆ ಬನ್ನಿ."

ಅಕ್ಕ ಏಳಲಿಲ್ಲ. "ಗುಬ್ಬಿ ಫ್ರಾಕು ಯಾರದ್ದು, ಅದನ್ನ ಮೊದಲು ಹೇಳಲಿ."

ದಾಟಿಸಿದೆ. ಮಕ್ಕಳ ನಡುವೆ ಇನ್ನೂ ಹಳದಿ ಫ್ರಾಕಿನಲ್ಲೇ ನಿಂತಿದ್ದ ಗುಬ್ಬಿಯ ತಲೆ ಸವರಿ ಸಿಸ್ಟರ್ ಒಂದೇ ಮಾತು ಅಂದರು.

"ಅಕ್ಕಾ, ಅವರು ಏನಂತಾರೆ ಅಂದ್ರೆ..."

"ಅವಳದ್ದೇ ಅಂದ್ರು. ಗೊತ್ತಾಯ್ತು," ಅಂದಳು. "ನೀನು ಮಿಷನ್ ಎತ್ತು."