ಬಣ್ಣ ಹತ್ತಿದ ಉಗುರುಗಳು

ಬಸ್ಸಿನಲ್ಲಿ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡವರು ಪಕ್ಕಕ್ಕೆ ಬಂದು ಕೂತರೆ ನನ್ನ ಕಣ್ಣು ಮೊದಲು ಅವರ ಬೆರಳಿನ ಮೇಲೆ ಹೋಗುತ್ತದೆ. ಮುಖ ನೋಡುವುದು ಆಮೇಲೆ. ಹೋದ ವರ್ಷ ಹುನಗುಂದದ ಬಸ್ಸಿನಲ್ಲಿ ಒಬ್ಬ ಹೆಣ್ಣುಮಗಳಿಗೆ, "ಬೆರಳ ಆಡಸವ್ವಾ" ಎಂದುಬಿಟ್ಟೆ.

"ಯಾಕಜ್ಜಾ?" ಎಂದು ಆಕೆ ಸೆರಗು ಎಳೆದುಕೊಂಡಳು. ಆದರೂ ಆಡಿಸಿದಳು. ಐದೂ ಆಡಿದವು. ಅಮೀನಗಡ ದಾಟುವವರೆಗೂ ಅಂಜಿಕೆಯಿಂದ ಅವನ್ನೇ ನೋಡುತ್ತಿದ್ದೆ.

ಈ ಅಂಜಿಕೆ ಎಲ್ಲಿಂದ ಬಂತೆಂದು ನನ್ನ ಹೆಂಡತಿಗೂ ಹೇಳಿರಲಿಲ್ಲ. ಆಕೆ ಈಗಿಲ್ಲ. ಬರೆದಾದರೂ ಇಡುತ್ತೇನೆ.

ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಬೇವೂರಿನ ಕಡೆಯವನು. ಎಸ್ಸೆಸ್ಸೆಲ್ಸಿ ಮುಗಿಸಿ, ನಾಲ್ಕು ಕಡೆ ಅಲೆದು, ಮದುವೆಯಾದ ಮೇಲೆ ಬಾಗಲಕೋಟೆಯ ಹಳೆ ಊರಿನ ಒಂದು ಸಣ್ಣ ಎಲುಬಿನ ದವಾಖಾನೆಯಲ್ಲಿ ಕೆಲಸಕ್ಕೆ ಸೇರಿದ್ದೆ. ಆ ಓಣಿ ಈಗ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ ಹೋಗಿದೆ. ಡಾಕ್ಟರು ಒಬ್ಬರೇ. ಎಲ್ಲ ಕಡೆ ಓಡಾಡುವ ಸಿಸ್ಟರ್ ಒಬ್ಬರು. ಗಂಡಸರ ವಾರ್ಡಿಗೆ ನಾನು.

ತೊಡೆಯ ಎಲುಬು ಮುರಿದವರ ಕಾಲಿಗೆ ಹಗ್ಗ ಕಟ್ಟಿ, ಮಂಚದ ತುದಿಯ ಸಣ್ಣ ಗಾಲಿಯ ಮೇಲೆ ಹಾಯಿಸಿ, ಉಸುಕಿನ ಚೀಲ ತೂಗುಬಿಡುತ್ತಿದ್ದರು. ಮುರಿದ ತುದಿಗಳು ಒಂದರ ಮೇಲೊಂದು ಏರದಂತೆ ಆ ಭಾರ ಹಗಲಿರುಳು ಎಳೆಯುತ್ತಿರಬೇಕು. ಚೀಲ ನೆಲಕ್ಕೆ ತಾಗಬಾರದು, ಗಂಟು ಗಾಲಿಯಲ್ಲಿ ಸಿಕ್ಕಬಾರದು. ರೋಗಿಯ ಬೆನ್ನು, ಹಿಮ್ಮಡಿ ಹುಣ್ಣಾಗದಂತೆ ಸ್ಪಿರಿಟ್ ತಿಕ್ಕಿ ಪೌಡರ್ ಹಾಕಬೇಕು. ರೊಟ್ಟಿಗಂಟು ತಂದ ಮನೆಯವರಿಗೆ ಮಾತ್ರ ಆ ಚೀಲ ಕಂಡರೆ ಕರುಳು ಕಿತ್ತು ಬರುತ್ತಿತ್ತು. "ಉಣ್ಣೂತನಕರ ಆರಾಮ ಇರ್ಲಿ" ಎಂದು ಚೀಲ ಎತ್ತಿ ಮಂಚದ ಮೇಲೆ ಇಟ್ಟುಬಿಡುತ್ತಿದ್ದರು. ಅವರನ್ನು ಕಾಯುವುದೇ ನನಗೊಂದು ಕೆಲಸವಾಗಿತ್ತು.

ಪ್ಲಾಸ್ಟರ್ ಹಾಕಿದವರ ವಿಷಯದಲ್ಲಿ ಸಿಸ್ಟರ್ ಬಹಳ ಬಿಗಿ. "ಒಳಗ ಏನ ನಡದೈತಿ ನಮಗ ಕಾಣಂಗಿಲ್ಲಪಾ. ಬೆರಳಷ್ಟ ಹೊರಗ ಇರ್ತಾವು, ಅವನ್ನ ಕೇಳಬೇಕು" ಎನ್ನುತ್ತಿದ್ದರು. ಕೇಳುವುದೆಂದರೆ: ಉಗುರು ಒತ್ತಿದರೆ ಬೆಳ್ಳಗಾಗಿ, ಬಿಟ್ಟ ಕೂಡಲೇ ಕೆಂಪಾಗಬೇಕು. ಬೆರಳು ಬೆಚ್ಚಗಿರಬೇಕು. ಮುಟ್ಟಿದ್ದು ಗೊತ್ತಾಗಬೇಕು. ಆಡಿಸಲು ಬರಬೇಕು. ಒಳಗೆ ಬಾವು ಏರಿ ರಕ್ತ ಹರಿಯುವುದು ನಿಂತರೆ ಕೈಯ ಮಾಂಸ ಸಾಯುತ್ತದೆ, ಅದನ್ನು ಉಳಿಸಲು ಸಿಗುವುದು ಕೆಲವೇ ತಾಸು. ಇದೆಲ್ಲ ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳುವ ದಾರಿ ನನಗಿಲ್ಲ.

ಆದರೆ ಡಾಕ್ಟರೆಂದರೆ ನನಗೆ ಜೀವಭಯ. ಅದಕ್ಕೂ ಸ್ವಲ್ಪ ಮೊದಲು ಬಾದಾಮಿಯ ಗಂಡಸೊಬ್ಬ ಕೈ ನೋಯುತ್ತದೆಂದು ಒಂದೇ ಸಮನೆ ಕೂಗಿದ್ದಕ್ಕೆ, ಉಣ್ಣುತ್ತಿದ್ದ ಡಾಕ್ಟರನ್ನು ಎಬ್ಬಿಸಿ ಕರೆತಂದಿದ್ದೆ. ಪ್ಲಾಸ್ಟರ್ ಒಡೆದು ನೋಡಿದರೆ ಒಳಗೆ ಏನೂ ಆಗಿರಲಿಲ್ಲ. ಎಲ್ಲರೆದುರಿಗೆ ಅವರು ಮೆತ್ತಗೆ ಹೇಳಿದರು: "ಲೇ, ಇನ್ನೊಮ್ಮೆ ಸುಮ್ ಸುಮ್ನ ನನ್ನ ಕರದಿ ಅಂದ್ರ, ಹಾಸಿಗಿ ಸುತ್ತಿಕೊಂಡ ನಿಮ್ಮೂರ ಬಸ್ ಹತ್ತು." ಬೈದಿದ್ದರೆ ಮರೆಯುತ್ತಿದ್ದೆ. ಮೆತ್ತಗೆ ಹೇಳಿದ್ದರಿಂದ ಒಳಗೆ ಕೂತುಬಿಟ್ಟಿತು. ಹೆಂಡತಿ ಆಗ ಬಸುರಿ.

ಆ ಹೊತ್ತಿಗೆ ಇಳಕಲ್ಲಿನಿಂದ ಒಬ್ಬರು ಬಂದರು. ಸೀರೆಯ ನೂಲಿಗೆ ಬಣ್ಣ ಹಾಕುವವರು. ಹೆಸರಾದ ಕೈ ಅವರದು, ನೇಕಾರರು ಅವರ ಕಪ್ಪು ಬಣ್ಣವನ್ನೇ ಕೇಳಿ ಒಯ್ಯುತ್ತಿದ್ದರಂತೆ. ಬಣ್ಣದ ಕಡಾಯಿಯ ಹತ್ತಿರ ಒದ್ದೆ ಕಲ್ಲಿನ ಮೇಲೆ ಜಾರಿ, ಬಲಗೈ ಊರಿ ಬಿದ್ದು, ಮುಂಗೈಯ ಎರಡೂ ಎಲುಬು ಮುರಿದುಕೊಂಡಿದ್ದರು. ಡಾಕ್ಟರು ಮುಂಜಾನೆ ಎಲುಬು ಕೂಡಿಸಿ ಪ್ಲಾಸ್ಟರ್ ಹಾಕಿ, ಯಾರನ್ನೋ ನೋಡಲು ಬಾದಾಮಿಗೆ ಹೋದರು. ಸಂಜೆಗೆ ಬರುವವರಿದ್ದರು. ಸಿಸ್ಟರ್ ಹೆಂಗಸರ ವಾರ್ಡಿಗೆ ಹೋಗುತ್ತ, "ಬಣ್ಣದವರ ಬೆರಳ ಮ್ಯಾಲ ಕಣ್ಣಿಡಪಾ" ಎಂದರು.

ನಾನು ನೋಡಿದೆ. ಉಗುರುಗಳು ನೀಲಿಗಪ್ಪಾಗಿದ್ದವು. ಎಡಗೈ ನೋಡಿದೆ, ಅದೂ ಹಾಗೆಯೇ. ಊಟ ತಂದಿದ್ದ ಅವರ ಹೆಂಡತಿ ನಕ್ಕರು. "ಅವ್ರ ಕೈ ಯಾವಾಗ್ಲೂ ಹಂಗಾರಿ. ಲಗ್ನದಾಗ ಅರಿಶಿಣ ಹಚ್ಚಿದ್ರ ಹಸರ ಕಂಡಿತ್ತು. ನಮ್ಮವ್ವ ಹೌಹಾರಿದ್ಲು."

ಎರಡೂ ಕೈ ಒಂದೇ ಸಮ ಎಂಬುದು ನನಗೆ ಸಾಕಾಯಿತು. ಉಗುರು ಒತ್ತಿದರೂ ಬಣ್ಣದಡಿ ಏನೂ ಕಾಣುತ್ತಿರಲಿಲ್ಲ. ಹಾಗಾದರೆ ಆಡಿಸಲು ಹೇಳಬೇಕಿತ್ತು, ಅಷ್ಟೇ. ಹೇಳಲಿಲ್ಲ.

ಮಧ್ಯಾಹ್ನ, ಹೆಂಡತಿ ಊರಿನ ಬಸ್ ಹತ್ತಿದ ಮೇಲೆ, ಅವರ ನೋವು ಏರಿತು. "ತಮ್ಮಾ, ಒಳಗ ಯಾರೋ ಹಗ್ಗ ಬಿಗದಂಗಾಗೇತಿ."

"ಮುರದ ಎಲಬು ಕಾಕಾ, ನೋಯೂದ" ಎಂದು ಕೈಯಡಿ ಇನ್ನೊಂದು ದಿಂಬು ಇಟ್ಟೆ.

ಪಕ್ಕದ ಮಂಚದಲ್ಲಿ ಇಳಕಲ್ಲಿನ ಕಡೆಯವನೇ ಒಬ್ಬ ಕಲ್ಲು ಒಡೆಯುವವನಿದ್ದ. ಕ್ವಾರಿಯಲ್ಲಿ ತೊಡೆ ಮುರಿದುಕೊಂಡು ಉಸುಕಿನ ಚೀಲಕ್ಕೆ ಕಟ್ಟಿಸಿಕೊಂಡು ಮಲಗಿದವನು, ಬಾಯಿ ಮಾತ್ರ ಬಿಡುವಿಲ್ಲದವನು. "ಒಂದ ಕಡೆ ನಾ, ಒಂದ ಕಡೆ ಉಸುಕು. ತೂಕ ಸರಿ ಆಗೇತಲ್ಲೋ, ಯಾವಾಗ ಮಾರ್ತೀರಿ?" ಎಂದು ದಿನಾ ಕಾಡುತ್ತಿದ್ದ. ಅವತ್ತು ಅವನು ನಗಿಸಲಿಲ್ಲ.

"ಲೇ ತಮ್ಮ, ಆ ಮನಷ್ಯಾ ಖರೇನ ಒದ್ದಾಡಾಕತ್ತಾನ. ಸಿಸ್ಟರ್‌ನ ಕರಿ."

"ನಿಂದ ನೀ ನೋಡ್ಕೊ" ಎಂದೆ.

"ನನಗ ಎದ್ದ ಬರಾಕ ಬರೂದಿಲ್ಲಂತ ನಿನಗ ಧೈರ್ಯ" ಎಂದ.

ನನಗೆ ಧೈರ್ಯವೆಲ್ಲಿತ್ತು? ಬೆರಳು ಆಡಿಸಿರಿ ಎಂದು ಕೇಳಿ, ಅವು ಆಡದಿದ್ದರೆ, ಆಮೇಲಿನದೆಲ್ಲ ನನ್ನ ತಲೆಗೆ ಬರುತ್ತಿತ್ತು. ಬಾದಾಮಿಗೆ ಆಳು ಕಳಿಸಬೇಕು, ಡಾಕ್ಟರು ಬರಬೇಕು, ಒಡೆಯಬೇಕು, ಒಳಗೆ ಏನೂ ಇಲ್ಲದಿದ್ದರೆ ನಾನು ಬಸ್ ಹತ್ತಬೇಕು. ಕೇಳದಿದ್ದರೆ ಏನೂ ಆಗಿರುವುದಿಲ್ಲ. ಹೀಗೆ ಲೆಕ್ಕ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದೆ. ಸಿಸ್ಟರ್ ಅತ್ತಿಂದಲೇ ಕೂಗಿ ಕೇಳಿದರು: "ಬೆರಳ ನೋಡಿದೇನಪಾ?"

"ನೋಡೇನ್ರಿ. ಆಡಸ್ತಾರ್ರಿ."

ಆಡಸ್ತಾರ್ರಿ. ಈ ಒಂದು ಮಾತು.

ಬಿಸಿಲು ಇಳಿಯುವ ಹೊತ್ತಿಗೆ ಬಣ್ಣದವರು ಸುಮ್ಮನಾದರು. ಹೋಗಿ ನೋಡಿದರೆ ಬೆವರಿದ ಮುಖದಲ್ಲಿ ಸಣ್ಣ ನಗೆಯಿತ್ತು. "ಈಗ ಬ್ಯಾನಿ ಕಡಿಮಿ ಆತು ತಮ್ಮಾ. ಕೈ ಹಗರ ಆಗೇತಿ." ನನಗೆ ಎಷ್ಟು ಸಮಾಧಾನವಾಯಿತೆಂದರೆ, ಸಿಸ್ಟರಿಗೆ ಹೇಳಲು ಓಡಿಹೋದೆ. ಒಳ್ಳೆಯ ಸುದ್ದಿ ಒಯ್ದವನಂತೆ ಹೇಳಿದೆ.

ಸಿಸ್ಟರ್ ಕೈಯಲ್ಲಿದ್ದ ಬಟ್ಟಲು ಕೆಳಗಿಟ್ಟರು. ನನ್ನನ್ನು ಸರಿಸಿ ವಾರ್ಡಿನ ಕಡೆ ಓಡಿದರು.

ಅವರು ಬಂದು ಮಂಚದ ಪಕ್ಕ ಕೂತು, "ಕಣ್ಣ ಮುಚ್ರಿ ಕಾಕಾ. ಯಾವ ಬೆರಳ ಮುಟ್ಟೇನಿ ಹೇಳ್ರಿ" ಎಂದರು. ನಡುಬೆರಳನ್ನು ಗಟ್ಟಿಯಾಗಿ ಹಿಡಿದಿದ್ದರು.

ಬಣ್ಣದವರು ಕಣ್ಣು ಮುಚ್ಚಿಕೊಂಡು ಕಾದರು. "ಮೊದಲ ಮುಟ್ರಿ" ಎಂದರು.

ಸಿಸ್ಟರ್ ನನ್ನ ಕೈ ಎಳೆದು ಆ ಬೆರಳುಗಳ ಮೇಲೆ ಇಟ್ಟರು. ಬಾವಿಯಿಂದ ಆಗಷ್ಟೇ ಸೇದಿದ ತಣ್ಣನೆಯ ಕೊಡವನ್ನು ಮುಟ್ಟಿದಂತಿತ್ತು.

ಡಾಕ್ಟರ ಅಪ್ಪಣೆಗೆ ಅವರು ಕಾಯಲಿಲ್ಲ. ಪ್ಲಾಸ್ಟರ್ ಕತ್ತರಿ ತರಿಸಿ, ಮೇಲಿನಿಂದ ಕೆಳಗಿನವರೆಗೆ ಸೀಳಿ, ಒಳಗಿನ ಅರಳೆಯನ್ನೂ ತೊಗಲು ಕಾಣುವವರೆಗೆ ಕತ್ತರಿಸಿದರು. ನಾನು ಎರಡೂ ಬದಿ ಹಿಡಿದು ಅಗಲಿಸುತ್ತಿದ್ದೆ. ಡಾಕ್ಟರು ಬಂದವರೇ ಅವರನ್ನು ಒಳಗೊಯ್ದು, ಕೈಯನ್ನು ಉದ್ದಕ್ಕೆ ಕೊಯ್ದು ಬಿಗಿತ ಬಿಡಿಸಿದರು. ಹೊರಗೆ ಬಂದು ಅವರು ಕೇಳಿದ್ದು ಒಂದೇ: "ಬೆರಳು ಎಲ್ಲೀತನಕಾ ಆಡಸ್ತಿದ್ದ?"

ಸಿಸ್ಟರ್ ನನ್ನ ಕಡೆ ತಿರುಗಿದರು.

"ಈಗ ಸ್ವಲ್ಪ ಹೊತ್ತಿನ ತನಕಾರಿ" ಎಂದೆ.

ಡಾಕ್ಟರು ಸಿಸ್ಟರಿಗೆ ಬೈದರು. ಇಷ್ಟು ಬೇಗ ಹೀಗಾಗುವುದಿಲ್ಲ, ನೀವೇ ಹೋಗಿ ನೋಡಬೇಕಿತ್ತು ಎಂದರು. ಸಿಸ್ಟರ್ ತಲೆ ತಗ್ಗಿಸಿ ಕೇಳಿಸಿಕೊಂಡರು. ಅವರಿಗೆ ನನ್ನ ಸುಳ್ಳು ಗೊತ್ತಾಗಿತ್ತೋ ಇಲ್ಲವೋ, ಇವತ್ತಿಗೂ ತಿಳಿಯದು. ವರ್ಷದೊಳಗೆ ಬೇರೆ ಊರಿಗೆ ಹೋದರು. ಅವರ ಮುಂದೆ ಬಾಯಿ ಬಿಡಲಿಲ್ಲ, ಆ ಸಾಲ ಹಾಗೇ ಉಳಿಯಿತು.

ಕೈ ಕತ್ತರಿಸುವ ಪ್ರಸಂಗ ಬರಲಿಲ್ಲ. ಆದರೆ ದಿನ ಕಳೆದಂತೆ ಬೆರಳುಗಳು ಒಳಗೆ ಮಡಚಿಕೊಂಡವು. ನಾನು ಅವರ ಸೇವೆಗೆ ಬಿದ್ದೆ. ಗಾಯ ತೊಳೆದೆ, ಬೆಚ್ಚಗಿನ ನೀರಿನಲ್ಲಿ ಕೈ ಇಡಿಸಿ ಒಂದೊಂದೇ ಬೆರಳು ಬಿಡಿಸಿದೆ, ತುತ್ತು ಮಾಡಿ ಉಣಿಸಿದೆ. "ಈ ತಮ್ಮ ಓಡಿ ಹೋಗಿ ಹೇಳಿರದಿದ್ರ ಕೈನ ಹೋಗ್ತಿತ್ತು" ಎಂದು ಅವರು ಬಂದವರಿಗೆಲ್ಲ ಹೇಳುತ್ತಿದ್ದರು. ಅವರು ಹಾಗೆ ಅಂದಾಗಲೆಲ್ಲ ಕಲ್ಲು ಒಡೆಯುವವನು ಗೋಡೆಯ ಕಡೆ ಮುಖ ಮಾಡುತ್ತಿದ್ದ. ಇವನು ಯಾವತ್ತು ಬಾಯಿ ಬಿಡುತ್ತಾನೋ ಎಂದು ಅವನ ಬೆನ್ನು ತಿಕ್ಕುವಾಗ ನನ್ನ ಕೈ ತಣ್ಣಗಾಗುತ್ತಿತ್ತು. ಅವನು ಬಿಡಲಿಲ್ಲ. ನನ್ನ ಜೊತೆ ತೂಕದ ಮಾತೂ ಮತ್ತೆ ಆಡಲಿಲ್ಲ.

ಎಂಟು ಹತ್ತು ವರ್ಷ ಕಳೆದ ಮೇಲೆ ನನ್ನ ಮಗ ಆಟದಲ್ಲಿ ಬಿದ್ದು ಮುಂಗೈ ಮುರಿದುಕೊಂಡ. ಅವನ ಪ್ಲಾಸ್ಟರಿನ ಪಕ್ಕ ಕೂತು, "ಆಡಸು, ಆಡಸು" ಎಂದು ಮಲಗಗೊಡದೆ ಕಾಡಿದೆ. ಅವನ ಕೈ ನೆಟ್ಟಗಾದ ಮೇಲೆ ಇಳಕಲ್ಲಿಗೆ ಹೋದೆ.

ಬಣ್ಣದವರು ಮನೆ ಕಟ್ಟೆಯ ಮೇಲೆ ಕೂತು ಒಣಗುತ್ತಿದ್ದ ನೂಲಿನ ಲಡಿಗಳನ್ನು ಕಾಯುತ್ತಿದ್ದರು. ಒಳಗೆ ಬಣ್ಣ ಹಾಕುವವರು ಈಗ ಅವರ ಹೆಂಡತಿ ಮತ್ತು ಅಳಿಯ. "ಏ, ನಮ್ಮ ತಮ್ಮ ಬಂದಾನ, ಚಾ ಇಡು" ಎಂದು ಒಳಗೆ ಕೂಗಿದರು. ಚಾ ಬರುವುದರೊಳಗೆ ಹೇಳಬೇಕೆಂದು ಹೇಳಿಬಿಟ್ಟೆ. ಅವತ್ತು ನಾನು ಬೆರಳು ಆಡಿಸಲು ಹೇಳಿರಲಿಲ್ಲ, ಹೇಳದೆಯೇ ಆಡಿಸುತ್ತಾರೆ ಎಂದಿದ್ದೆ, ಅಂಜಿ ಹಾಗೆ ಮಾಡಿದೆ ಎಂದೆ.

ಅವರು ಎಡಗೈಯಿಂದ ಒಂದು ಲಡಿ ಸರಿಪಡಿಸಿದರು. "ನಾ ಇಷ್ಟ ವರ್ಷ ಬಣ್ಣಕ್ಕ ಬೈತಿದ್ದೆ" ಎಂದರು. "ಬಣ್ಣ ಇರಲಿಲ್ಲಂದ್ರ ನಿಮಗ ಕಾಣ್ತಿತ್ತು ಅಂತ."

ಅವರು ನನ್ನ ಕಡೆ ತಿರುಗಿದರು.

"ನೀ ಕೇಳಿದ್ದರ ನಾ ಏನ ಹೇಳ್ತಿದ್ನಿ ಗೊತ್ತೇನು? ಆಡಸಾಕ ಬರವಲ್ದು ಅಂತಿದ್ನಿ. ಅಷ್ಟ." ಬಲಗೈಯನ್ನು ನನ್ನ ತೊಡೆಯ ಮೇಲೆ ತಂದು ಇಟ್ಟರು. "ಈಗ ಕೇಳು."

ಅವರ ಹೆಂಡತಿ ಚಾ ಹಿಡಿದುಕೊಂಡು ಹೊಸ್ತಿಲಲ್ಲೇ ನಿಂತಿದ್ದರು. ನನಗೆ ಅವತ್ತಿಗಿಂತ ಹೆಚ್ಚು ಅಂಜಿಕೆಯಾಯಿತು.

"ಬೆರಳ ಆಡಸ್ರಿ ಕಾಕಾ" ಎಂದೆ.

ಅವರು ಹಲ್ಲು ಕಚ್ಚಿ ಪ್ರಯತ್ನಪಟ್ಟರು. ಹೆಬ್ಬೆರಳು ಒಂದಿಷ್ಟು ಅಲುಗಿತು. ಉಳಿದವು ಮಡಚಿಕೊಂಡಂತೆಯೇ ಇದ್ದವು. ಒದ್ದೆ ಲಡಿ ತಿರುವುತ್ತಿದ್ದ ಎಡಗೈಯ ಉಗುರುಗಳಲ್ಲಿ ಇನ್ನೂ ಸ್ವಲ್ಪ ಕಪ್ಪಿತ್ತು. ಈ ಬಲಗೈ ಎಷ್ಟೋ ವರ್ಷಗಳಿಂದ ಕಡಾಯಿಗೆ ಇಳಿದಿರಲಿಲ್ಲ. ಇದರ ಉಗುರುಗಳು ಸಣ್ಣ ಮಗುವಿನ ಉಗುರಿನ ಹಾಗೆ ಸ್ವಚ್ಛವಾಗಿದ್ದವು. ಯಾಕೋ ಒಂದನ್ನು ಒತ್ತಿ ನೋಡಿದೆ. ಬೆಳ್ಳಗಾಯಿತು. ಬಿಟ್ಟೆ. ಕೆಂಪು ತಿರುಗಿ ಬಂದದ್ದು ಚೆನ್ನಾಗಿ ಕಂಡಿತು.